ಚೌರಪ್ಪನ ಹೆಬ್ಬೆರಳು

ಪುಡಿ ಬರುತ್ತಿತ್ತು ಇಪ್ಪತ್ತೈದು ಕೆಜಿ ಚೀಲದಲ್ಲಿ,
ಎಣ್ಣೆ ನೀಲಿ ಡ್ರಮ್ಮಿನಲ್ಲಿ.
ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ
ಯಾರೂ ಅದನ್ನು ಥ್ಯಾಲೇಟ್ ಎನ್ನಲಿಲ್ಲ.
ಡಿಓಪಿ ಎಂದರು, ಇಲ್ಲವೆ ಬರೀ ಎಣ್ಣೆ,
ಒಗ್ಗರಣೆಗೆ ತರಿಸಿದ್ದೇನೋ ಎಂಬಂತೆ.

ನೂರಕ್ಕೆ ಐವತ್ತು.
ಮಿಕ್ಸರು ನೂರಹತ್ತು ಡಿಗ್ರಿಗೆ ಏರುವಾಗ
ಪುಡಿ ಕುಡಿಯುತ್ತದೆ, ಕುಡಿದೂ ಒಣಗಿರುತ್ತದೆ,
ಹುರಿದ ರವೆಯ ಹಾಗೆ ಉದುರುದುರು.
ಚೌರಪ್ಪ ಒಂದು ಹಿಡಿ ಹಿಸುಕಿ
‘ಬಂತು’ ಅನ್ನುತ್ತಿದ್ದ, ಅಷ್ಟೇ.
ಹಾಳೆ ಒತ್ತಿದ ಮೇಲೆ ಲ್ಯಾಬಿನ ನನ್ನ ಮೀಟರು
ಎಪ್ಪತ್ತು ತೋರಿಸುವ ಮುಂಚೆಯೇ
ಅವನ ಹೆಬ್ಬೆರಳು ಎಪ್ಪತ್ತು ಹೇಳಿ ಆಗಿರುತ್ತಿತ್ತು.

ನಾನು ಸೇರಿದ ವಾರ ಅವನೇ ಹೇಳಿಕೊಟ್ಟದ್ದು:
‘ಮೇಡಂ, ಇದು ಮದುವೆ ಅಲ್ಲ, ಬಾಡಿಗೆ.
ಎಣ್ಣೆ ಪುಡಿಯೊಳಗೆ ಇರುತ್ತೆ,
ಅದರದ್ದು ಅಂತ ಆಗಲ್ಲ.’

ಅಂದಿನಿಂದ ಊರೆಲ್ಲ ನನಗೆ
ಮನೆ ಖಾಲಿ ಮಾಡುವವರೇ ಕಂಡರು.
ಗೊರಗುಂಟೆಪಾಳ್ಯದಲ್ಲಿ ಹತ್ತಿದ ಆಟೋದ ಸೀಟು
ಬಿರಿದು ಹಲ್ಲು ಕಿರಿದಿತ್ತು.
ಮೂರನೇ ಕ್ಲಾಸಿನ ಕಂಪಾಸು ಪೆಟ್ಟಿಗೆಯಲ್ಲಿ
ರಬ್ಬರು ಸ್ಕೇಲನ್ನು ಕಚ್ಚಿ ತಿಂದದ್ದು ನೆನಪಾಯಿತು:
ಏಳರಿಂದ ಒಂಬತ್ತು ಸೆಂಟಿಮೀಟರು ಮಾಯ,
ಪೆಟ್ಟು ಬಿದ್ದದ್ದು ನನ್ನ ಕೈಗೆ.
ಅಮ್ಮನ ಊಟದ ಮೇಜಿನ ಗಾಜಿನಂಥ ಹಾಸು ಎತ್ತಿದರೆ
ಅದರ ಹೊಟ್ಟೆಗೆ ಅಂಟಿಕೊಂಡ ಪತ್ರಿಕೆಯ ಅಕ್ಷರ,
ಯಾರದೋ ವೈಕುಂಠ ಸಮಾರಾಧನೆ, ತಿರುಗುಮುರುಗಾಗಿ.
ಮೀಸೆಯವರೊಬ್ಬರು ಆ ಕಡೆಯಿಂದ ನೋಡುತ್ತಿದ್ದರು.

ಆಮೇಲೆ ಆ ಆರ್ಡರು ಬಂತು.
ಹುಲ್ಲುಕಡ್ಡಿಯಂಥ ಕೊಳವೆ,
ದಿನ ತುಂಬದೆ ಹುಟ್ಟಿದ ಕೂಸುಗಳ ಮೂಗಿಗೆ.
ಥ್ಯಾಲೇಟ್ ಇರಕೂಡದು, ಎಂದು ದಪ್ಪಕ್ಷರ.
ಒಂಬೈನೂರು ಗ್ರಾಂ ಮೈ.
ಬಾಡಿಗೆಯವನು ಅಲ್ಲಿಗೆ ಹೋಗಿ ಇಳಿದರೆ
ಎಬ್ಬಿಸಿ ಕಳಿಸುವುದನ್ನು ಆ ಪುಟ್ಟ ಯಕೃತ್ತು
ಇನ್ನೂ ಕಲಿತಿರುವುದಿಲ್ಲ.

ಡಿಓಟಿಪಿ ತರಿಸಿದೆ.
‘ಒಂದಕ್ಷರ ಜಾಸ್ತಿಯಾದರೆ ಇಷ್ಟು ರೇಟೇ?’
ಪರ್ಚೇಸಿನ ನಂಜುಂಡಯ್ಯರ ಸಂಕಟ.
ಅದೇ ಉಂಗುರ ಸಾರ್, ಅವೇ ಎರಡು ತೋಳು,
ಮೊದಲು ಅಕ್ಕಪಕ್ಕ ಇದ್ದವು
ಈಗ ಎದುರುಬದುರು, ಎಂದೆ.
ಅವರು ತಮ್ಮ ತೋಳು ನೋಡಿಕೊಂಡರು.

ಮೊದಲ ಬ್ಯಾಚು.
ಚೌರಪ್ಪ ಹಿಸುಕಿದ. ಮತ್ತೆ ಹಿಸುಕಿದ. ‘ಬಂದಿಲ್ಲ.’
ಗಡಿಯಾರದ ಪ್ರಕಾರ ಬಂದಿತ್ತು.
ಅವನೇ ಸರಿ: ಕೊಳವೆ ಸೆಟೆದು ನಿಂತಿತು.
ಐವತ್ತಕ್ಕೆ ನಾಲ್ಕು ಸೇರಿಸಿ, ಬಿಸಿ ಏರಿಸಿ,
ಮೂರು ಬ್ಯಾಚು ಚಪ್ಪಲಿ ಮಾಡುವವರಿಗೆ ಹೋಯಿತು.
ಮೂವತ್ತೊಂದು ವರ್ಷ ತಪ್ಪದ ಬೆರಳನ್ನು
ಅವನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

ಚಹಾ ಹೊತ್ತಿನಲ್ಲಿ ಕೇಳಿದ, ಮೆಟ್ರೋ ಹೋಗುವುದನ್ನು ನೋಡುತ್ತ:
‘ಹಂಗಾದ್ರೆ ನನ್ನ ಕೈಯೊಳಗೆ ಬಾಡಿಗೆಗೆ ಇರೋದು?’
ದೊಡ್ಡವರ ಮೈ ಒಂದೆರಡು ದಿನದಲ್ಲಿ ಹೊರಗೆ ಹಾಕುತ್ತೆ, ಎಂದೆ.
‘ದಿನಾ ಬಂದ್ರೆ?’
ಲೋಟ ಬಿಸಿಯಾಗಿತ್ತು. ಕೈ ಬದಲಿಸಿದೆ.

ಪಕ್ಕದ ಮಿಕ್ಸರಿನಲ್ಲಿ ರಕ್ತದ ಚೀಲಕ್ಕೆ
ಇನ್ನೂ ಹಳೆಯ ಎಣ್ಣೆಯೇ ಬೀಳುತ್ತದೆ.
ಅದು ಸೋರುತ್ತದೆ, ಸೋರಿ ಕೆಂಪು ಕಣದ ಗೋಡೆಗೆ ಹೋಗಿ
ಒಡೆಯದಂತೆ ಆನಿಸಿ ಹಿಡಿಯುತ್ತದೆ, ದಿನಗಟ್ಟಲೆ.
ಇದನ್ನು ಹೇಳಿದಾಗ ಚೌರಪ್ಪ ನಕ್ಕ:
‘ಕೆಲವು ಬಾಡಿಗೆಯವರು ಬಿಡೋವಾಗ
ಸುಣ್ಣ ಹೊಡೆಸಿ ಹೋಗ್ತಾರೆ ಮೇಡಂ.’

ಏಳನೇ ಬ್ಯಾಚು. ಮುಚ್ಚಳ ತೆಗೆದ. ಹಿಡಿ ತುಂಬ ತೆಗೆದು
ಈ ಸಲ ನನ್ನ ಅಂಗೈಗೆ ಸುರಿದ. ‘ನೀವೇ ಹೇಳಿ.’
ಬೆಚ್ಚಗಿತ್ತು. ಹಿಸುಕಿದೆ. ಏನೂ ತಿಳಿಯಲಿಲ್ಲ.
ಇನ್ನೊಂದು ನಿಮಿಷ, ಎಂದೆ.