ಪಾಲಯ್ಯ, ಬಾಲಯ್ಯ

ಚಳ್ಳಕೆರೆ ತಾಲ್ಲೂಕು ಆಸ್ಪತ್ರೆ, ಒಳಗೆ ಬಂದ ಕೂಡಲೇ ಎಡಕ್ಕೆ
ಪ್ಲೈವುಡ್ಡಿನ ಗೂಡು. ಅದರೊಳಗೆ ನಾನು,
ಒಂದು ಕಂಪ್ಯೂಟರು, ಒಂದು ಅಂಟಿನ ಬಾಟಲಿ,
ಮೂರು ತಿಂಗಳಿಂದ ಬಾರದ ಗುತ್ತಿಗೆ ಸಂಬಳ.

ಅವನು ಬಂದದ್ದು ಶೇಂಗಾ ಹಿಂಡಿಯ ವಾಸನೆಯ ಜೊತೆ.
ಎಣ್ಣೆ ಮಿಲ್ಲಿನ ಹಮಾಲಿ. ಇಪ್ಪತ್ತೆಂಟು ವರ್ಷ ಚೀಲ ಹೊತ್ತ ಮೈ
ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಸೋತಿತ್ತು.
ಒಂದು ಕೈ ಪಂಚೆಯ ಮೇಲೆ, ಅದನ್ನು ಒತ್ತಿ ಹಿಡಿದು,
ಇನ್ನೊಂದರಲ್ಲಿ ಕಾರ್ಡುಗಳ ಪ್ಲಾಸ್ಟಿಕ್ ಚೀಲ.

ರೇಷನ್ ಕಾರ್ಡಿನಲ್ಲಿ ಪಾಲಯ್ಯ.
ಆಧಾರಿನಲ್ಲಿ ಬಾಲಯ್ಯ.

‘ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ರ ಅಫಿಡವಿಟ್ ಮಾಡಿಸಿ,
ನಾಡಕಚೇರಿ ಸೀಲು, ಆಮೇಲೆ ರೆಫರಲ್, ಆಮೇಲೆ ದುರ್ಗದಿಂದ ಅಪ್ರೂವಲ್...’
ದಿನಕ್ಕೆ ನಲವತ್ತು ಸಲ ಹೇಳುವ ಮಾತು,
ಎಲ್ಲಿ ಉಸಿರು ಎಳೆಯಬೇಕೆಂಬುದೂ ಬಾಯಿಪಾಠ.

‘ಬಾಲಯ್ಯ ಯಾರು ಅಂತ ನಂಗೊತ್ತಿಲ್ಲ ಕಣಮ್ಮ.
ಅವನ ಪರವಾಗಿ ನಾನ್ಯಾಕೆ ಪ್ರಮಾಣ ಮಾಡ್ಲಿ?
ನಾನು ಪಾಲಯ್ಯ. ಹೆಸರಲ್ಲೇ ಪಾಲೈತೆ,
ಯಾರ ಹತ್ರಾನೂ ಪಾಲು ಕೇಳಾಕೆ ಹೋದೋನಲ್ಲ.
ಸೊಸೆ ಬಡ್ಕಂಡ್ಲು ಅಂತ ಬಂದೆ.
ಪುಕ್ಕಟೆ ಕೊಡ್ತೀವಿ ಅಂದೋರು ಮೊದ್ಲು
ಸಾಲಿನಾಗೆ ನಿಲ್ಲಿಸ್ತಾರೆ.’

ಆಮೇಲೆ ಓಟಿನ ಚೀಟಿ ತೆಗೆದು ಮೇಜಿನ ಮೇಲಿಟ್ಟ.
‘ನೋಡು, ಇಲ್ಲಿ ಸರಿಯಾಗೈತೆ. ಏಳು ಎಲೆಕ್ಷನ್ನು, ಒಂದೇ ಗುರುತು.
ಅವರು ಯಾವತ್ತೂ ನನ್ ಹೆಸರು ತಪ್ಪಿಲ್ಲ.’

ಈ ಕಾರ್ಡು ತಂದವರೂ ಅದೇ ಗುರುತಿನವರು,
ಅನ್ನಲು ಬಾಯಿಗೆ ಬಂತು. ನುಂಗಿದೆ.
ನನ್ನ ಓಟು ಯಾರಿಗೆ ಅಂತ ಅವನೂ ಕೇಳಲಿಲ್ಲ.

ಚೀಲ ಮಡಚಿ ಹೋದ, ಮೈಯೆಲ್ಲ ಎಡಕ್ಕೆ ವಾಲಿಸಿಕೊಂಡು.

ಹದಿನೈದು ದಿನಕ್ಕೆ ಸೊಸೆ ಬಂದಳು.
ಹಮಾಲರ ಚೀಟಿ ದುಡ್ಡು ಎತ್ತಿ ಪಾವಗಡ ರಸ್ತೆಯ
ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತಂತೆ.
ಮೂವತ್ತೆಂಟು ಸಾವಿರ. ಕಾರ್ಡು ಗೀರ್ಡು ಕೇಳಲಿಲ್ಲವಂತೆ,
ಬಾಯಲ್ಲಿ ಹೇಳಿದ್ದನ್ನೇ ರಸೀದಿಗೆ ಬರೆದರಂತೆ.
ತಂದು ತೋರಿಸಿದಳು, ಬೈಯಲೋ ಹೆಮ್ಮೆಗೋ ತಿಳಿಯಲಿಲ್ಲ:
ದೀರ್ಘ, ಯ-ವತ್ತು, ಎಲ್ಲ ಸರಿ.
ಅವಳ ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ.

ನನ್ನ ಪರದೆಯ ಮೇಲೆ ಬಾಲಯ್ಯ ಇನ್ನೂ ಇದ್ದಾನೆ,
ಹಳದಿ ಬಣ್ಣದಲ್ಲಿ, ಬಾಕಿ.
ಸೋಮವಾರಕ್ಕೊಮ್ಮೆ ತೆರೆದು ನೋಡುತ್ತೇನೆ.
ತಕರಾರಿಲ್ಲದ ಮನುಷ್ಯ.
ನೋವು ಎಂಬ ಕಾಲಮ್ಮಿನಲ್ಲಿ, ಆ ದಿನ
ನಾನೇ ಟೈಪು ಮಾಡಿದ್ದು: ಇದೆ.