ಬ್ಯಾರನ್

ಬೋರ್ಡಿನ ಮೇಲೆ ‘ಬ್ಯಾರನ್’ ಅಂತ ಬರೆದದ್ದೇ ತಡ
ಅರಕಲಗೂಡಿನ ಎರಡನೇ ಬಿ.ಎ. ಗೊಳ್ಳೆಂದು ನಕ್ಕಿತು.
‘ಮೇಡಂ, ನಮ್ಮನೇಲಿ ಎರಡವೆ,’ ಅಂದ ರಾಮನಾಥಪುರದ ಹುಡುಗ,
‘ಒಂದಕ್ಕೆ ಲೈಸೆನ್ಸು, ಇನ್ನೊಂದು ಹಂಗೇ.’
ಹೊಗೆಸೊಪ್ಪು ಹದ ಮಾಡುವ ತಿಂಗಳು.
ರಾತ್ರಿಯಿಡೀ ಬ್ಯಾರನ್ನಿನ ಬಾಯಿಗೆ ಸೌದೆ ತುಂಬಿ ಬಂದವರು,
ಅಂಗಿಯ ತುಂಬ ಆ ಒಗರು ಸಿಹಿಯ ವಾಸನೆ,
ಕಣ್ಣು ಕೆಂಡ.

ನಾನೂ ನಕ್ಕೆ. ಆಮೇಲೆ ಸೀಮೆಸುಣ್ಣದಲ್ಲಿ
ಉದಾಹರಣೆಗೆಂದು ಒಬ್ಬ ಡ್ಯೂಕನನ್ನು ಹುಟ್ಟಿಸಿದೆ.
ಹೆಸರು ರೆನೋ. ಅವನಿಗೊಂದು ಕೋಟೆ, ಹನ್ನೆರಡು ಹಳ್ಳಿ,
ಮೂವರು ಗಂಡು, ಇಬ್ಬರು ಹೆಣ್ಣು.
ವಂಶದ ಮರ ಯಾವತ್ತೂ ತಲೆಕೆಳಗು,
ಬೇರು ಮೇಲೆ, ಕೊಂಬೆ ಕೆಳಗೆ.
ಹಿರಿಯನಿಗೆ ಬಿರುದು, ನೆಲ, ಮುದ್ರೆಯುಂಗುರ.
ನಡುವಿನವನಿಗೆ ಒಂದು ಕುದುರೆ.
ಕಿರಿಯನಿಗೆ ಮಠ.
ಹೆಣ್ಣುಗಳ ಹೆಸರು ಬರೆಯಲು ಜಾಗ ಸಾಲದೆ
ಎರಡು ಅಡ್ಡಗೆರೆ ಎಳೆದು ಬಿಟ್ಟೆ.

‘ಲೈಸೆನ್ಸೂ ಹಿಂಗೇ ಮೇಡಂ. ದೊಡ್ಡಪ್ಪನ ಹೆಸರಲ್ಲೈತೆ,
ಸೌದೆ ಹೊಡೆಯೋದು ನಾವು.’
‘ಹಂಗಾದ್ರೆ ನಿಮ್ಮಪ್ಪ ಕುದುರೆ ಪಾಲಿನವನು,’ ಅಂದೆ.
‘ಕುದುರೆ ಎಲ್ಲಿ ಬಂತು ಮೇಡಂ, ಟಿವಿಎಸ್ಸು.’

ನಗು ಅಡಗುವಾಗ ಹೇಳಿದೆ:
ಮದುವೆಯಾಚೆ ಹುಟ್ಟಿದ ಮಗನಿಗೂ ಕೆಲವೆಡೆ
ಅಪ್ಪನ ಗುರಾಣಿಯ ಸಿಂಹ ಸಿಗುತ್ತಿತ್ತು.
ಆದರೆ ಸಿಂಹದ ಮೈಮೇಲೆ ಓರೆಯಾಗಿ ಒಂದು ಪಟ್ಟಿ,
ದೂರದಿಂದ ಕಂಡವರಿಗೂ ಗೊತ್ತಾಗಲಿ ಅಂತ.

ಕೊನೇ ಬೆಂಚಿನ ಸಂಘಮಿತ್ರಾ, ಯಾವತ್ತೂ ಬಾಯಿ ಬಿಡದವಳು,
ಎದ್ದು ನಿಂತಳು:
‘ಆ ಪಟ್ಟಿ ಎಷ್ಟನೇ ತಲೆಮಾರಿಗೆ ಅಳಿಸ್ತದೆ ಮೇಡಂ?’

ಪುಸ್ತಕದಲ್ಲಿ ಇರಲಿಲ್ಲ. ನೋಡಿ ಹೇಳ್ತೀನಿ ಅಂದೆ.
ಬೆಲ್ಲು ಹೊಡೆಯಿತು.

ಮರುದಿನ ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ.
‘ನೋಡಿದ್ರಾ ಮೇಡಂ?’
ನೋಡಿರಲಿಲ್ಲ.
ಕರ್ಚೀಫಿನ ಗಂಟು ಬಿಚ್ಚಿದಳು. ಹಿತ್ತಾಳೆಯ ಬಿಲ್ಲೆ,
ಅಂಗೈ ಅಗಲ. ಊರಿನ ಹೆಸರು ಸವೆದು ಹೋಗಿ
‘ತೋಟಿ’ ಅನ್ನುವುದಷ್ಟೇ ಉಳಿದಿತ್ತು.
‘ಮುತ್ತಾತಂದು. ನಿನ್ನೆ ರಾತ್ರಿ ಹುಣಸೆಹಣ್ಣು ಹಾಕಿ ತಿಕ್ಕಿದೆ.
ಗುರಾಣಿ ಥರಾನೇ ಇಲ್ವ?
ಸಾವಿನ ಸುದ್ದಿ ಊರೂರಿಗೆ ಒಯ್ಯೋದು, ಸತ್ತ ದನ ಎಳೆಯೋದು,
ಕಂದಾಯದ ದಿನ ಪಟೇಲರ ಜಗಲಿ ಕೆಳಗೆ ನಿಂತಿರೋದು.
ಕಾಯ್ದೆ ಬಂದು ಕೆಲಸ ಹೋಯ್ತು. ಹೆಸರು ಹೋಗ್ಲಿಲ್ಲ.
ನಿಮ್ಮ ಡ್ಯೂಕ್ ಮನೇಲಿ ದೊಡ್ಡ ಮಗನಿಗೆ ಮಾತ್ರ.
ನಮ್ಮಲ್ಲಿ ಎಲ್ರಿಗೂ ಸಮಪಾಲು ಮೇಡಂ,
ಹೆಣ್ಮಕ್ಕಳಿಗೂ.’
ಹೇಳಿದ್ದು ನಗುತ್ತಲೇ.

ನಾನು ಪಟೇಲರ ಮೊಮ್ಮಗಳು.
ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನಂತೂ ಹೇಳಲಿಲ್ಲ.
ಪಟೇಲಿಕೆ ಹೋಗಿ ಅರವತ್ತು ವರ್ಷ ಕಳೆದರೂ
ಊರಿನ ಯಾವ ಮದುವೆಯಲ್ಲೂ ಮೊದಲ ವೀಳ್ಯ ನಮ್ಮಣ್ಣನಿಗೆ.
ಎಲೆಯಡಿಕೆ ಅವನಿಗಾಗದು. ಜೇಬಿನಲ್ಲಿಟ್ಟು ತಂದು
ಫ್ರಿಜ್ಜಿನ ಮೇಲೆ ಇಡುತ್ತಾನೆ,
ಅದು ಅಲ್ಲೇ ಬಾಡುತ್ತದೆ.
ನನ್ನ ಪಾಲಿಗೆ ಬಂದದ್ದು ಅಜ್ಜನ ಮೂಗು,
ಮತ್ತೆ, ಬಾಗಿಲಲ್ಲಿ ಯಾರಾದರೂ ನಿಂತರೆ
‘ಒಳಗೆ ಬಾ’ ಅನ್ನುವ ಮೊದಲು ಆಗುವ
ಚೂರೇ ಚೂರು ತಡ.

ಆವತ್ತೂ ಆಯಿತು.
ಆಮೇಲೆ ಕುರ್ಚಿ ಎಳೆದೆ. ಕೂತಳು.
ಬಿಲ್ಲೆಯನ್ನು ನನ್ನ ಕೈಗೇ ಕೊಟ್ಟಳು, ‘ತೂಕ ನೋಡಿ’ ಅಂತ.
ತೂಕವಿತ್ತು.
ಹಿಂದೆ ಪಿನ್ನು ಮುರಿದ ಜಾಗಕ್ಕೆ ಯಾರೋ
ತಂತಿ ಸುತ್ತಿದ್ದರು, ಬಲು ಅಚ್ಚುಕಟ್ಟಾಗಿ.

ಕೊಣನೂರಿನ ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.
ನನ್ನ ಅಂಗೈಯಲ್ಲಿ ಹುಣಸೆಯ, ಹಿತ್ತಾಳೆಯ ವಾಸನೆ.
ಊಟದ ಡಬ್ಬಿ ತೆರೆಯುವ ಮುಂಚೆ ನಲ್ಲಿಗೆ ಹೋದೆ,
ತಿರುಗಿಸಿದೆ,
ಕೈ ಒಡ್ಡಲಿಲ್ಲ.
ದಿನಾ ಊಟಕ್ಕೆ ಮುಂಚೆ ತೊಳೆಯುವ ಕೈಯೇ ಇದು,
ಹೌದು, ದಿನಾ.
ನೀರು ಹರಿಯುತ್ತಲೇ ಇತ್ತು.