ಮಿಸ್ ಏನಂತಾರೆ

ಅವ್ವ ಗೇಟ್ ಪಾಸ್ ಬರೆಸಿಕೊಂಡು ಬಂದಿದ್ದಳು
ಎರಡು ಗಂಟೆಯ ಸಂಬಳ ಬಿಟ್ಟು.
ಪೀಣ್ಯದಿಂದ ಲಗ್ಗೆರೆಗೆ ನಡೆದೇ ಬಂದವಳ
ಸೆರಗಿನ ತುಂಬ ನೀಲಿ ದಾರದ ಚೂರು.
ಹಾರ್ಡ್‌ವೇರ್ ಅಂಗಡಿಯ ಮೇಲೆ ಎರಡು ಮಹಡಿ ನಮ್ಮ ಸ್ಕೂಲು.
ಕೆಳಗೆ ಕಬ್ಬಿಣ ಕೊಯ್ಯುವ ಸದ್ದು,
ಮೇಲೆ ಐವತ್ತು ಮಕ್ಕಳು ಎದ್ದುನಿಂತು
ಗುಡ್ ಮಾರ್ನಿಂಗ್ ಎಳೆಯುವ ಸದ್ದು.

ಮೆಟ್ಟಿಲ ಬುಡದಲ್ಲಿ ಹಲಗೆ:
ಇಲ್ಲಿಂದ ಮುಂದೆ ಕನ್ನಡ ಆಡಿದರೆ
ಮಾತಿಗೆ ಒಂದು ರೂಪಾಯಿ ದಂಡ.
ಅವ್ವನಿಗೆ ಓದು ಬಾರದು.
ಚಪ್ಪಲಿ ಬಿಡಬೇಕೇನೋ ಅಂದುಕೊಂಡು
ಬಿಟ್ಟು ಹತ್ತಿದಳು.

ಡೆಲ್ಫಿನ್ ಮಿಸ್ ಕಾರ್ಡು ತೆರೆದು
ಇಂಗ್ಲಿಷಿನಲ್ಲಿ ಶುರು ಮಾಡಿದರು.
ನಾನು ನಡುವೆ, ಇಬ್ಬರ ಮೊಣಕೈ ಎತ್ತರ.
'ಮಿಸ್ ಏನಂತಾರೆ?'

ಗಣಿತದ ಪೀರಿಯಡ್ಡಿನಲ್ಲಿ ನಿದ್ದೆ ಹೋಗುತ್ತಾಳೆ, ಅಂದರು.
'ಗಣಿತ ಪರವಾಗಿಲ್ವಂತೆ.'
ಪಕ್ಕದವಳ ರಬ್ಬರು ಕದ್ದಳು, ಕೇಳಿದರೆ ಒಪ್ಪಲಿಲ್ಲ, ಅಂದರು.
'ಎಲ್ಲರ ಜೊತೆ ಹೊಂದ್ಕೋತೀನಂತೆ.'
ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಿ, ಅಂದರು.
ಇದನ್ನು ಎಲ್ಲಿಗೆ ತಿರುಗಿಸಲಿ?
ನಮ್ಮದು ಒಂದೇ ಕೋಣೆ. ಅದರಲ್ಲಿ ಇಂಗ್ಲಿಷ್ ಅಂದರೆ
ಅಪ್ಪನಿಗೆಂದು ಅವ್ವ ತಂದ ರಿಜೆಕ್ಟ್ ಶರಟಿನ
ಕಾಲರಿನೊಳಗಿನ ಪಟ್ಟಿ.
'ದಿನಾ ಹಾಲು ಕುಡಿಸ್ಬೇಕಂತೆ,' ಅಂದೆ.

ಮಿಸ್ ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು.
ಕಿಟಕಿ ಕಡೆ ನೋಡಿದರು.

ಅವ್ವ ಕಾರ್ಡನ್ನು ಬೆಳಕಿಗೆ ಹಿಡಿದಳು,
ಹೊಲಿಗೆ ಬಿಟ್ಟಿದೆಯೇ ನೋಡುವವಳ ಹಾಗೆ.
ಅವಳ ಕೆಲಸವೇ ಅದು, ಚೆಕಿಂಗ್:
ಗಂಟೆಗೆ ಅರವತ್ತು ಪೀಸು,
ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕ್ಕರು,
ಆಲ್ಟರ್ ಈ ಬುಟ್ಟಿಗೆ, ರಿಜೆಕ್ಟ್ ಆ ಬುಟ್ಟಿಗೆ.
ಕೆಂಪು ಶಾಯಿಯ ಮೇಲೆ ಅವಳ ಹೆಬ್ಬೆರಳು
ಒಂದು ಗಳಿಗೆ ನಿಂತಿತು.
ಆಮೇಲೆ ಸೈನು ಎಲ್ಲಿ ಅಂತ ಕೇಳಿ
ಬರುವ ಅಷ್ಟೇ ಅಕ್ಷರಗಳಲ್ಲಿ ಬರೆದಳು, ಪುಟ್ಟಲಿಂಗಮ್ಮ,
ಕನ್ನಡದಲ್ಲಿ. ಯಾರೂ ದಂಡ ಕೇಳಲಿಲ್ಲ.

ದಾರಿಯಲ್ಲಿ ಅರ್ಧ ಲೀಟರ್ ಪ್ಯಾಕೆಟು ಕೊಂಡಳು.
ತಿಂಗಳಿಡೀ ರಾತ್ರಿ ಒಂದು ಲೋಟ ಹಾಲು,
ತಿಂಗಳಿಡೀ ಆ ಕೆನೆ ನನ್ನ ಗಂಟಲಲ್ಲಿ.
ಮಾರನೆಯ ಬೆಳಿಗ್ಗೆ ಜಾಮಿಟ್ರಿ ಬಾಕ್ಸಿನಲ್ಲಿ
ಎರಡು ಹೊಸ ರಬ್ಬರು ಇದ್ದವು.
ಎರಡು.
ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.
ಹಿಂದಿಯಲ್ಲಿ ಬೈಯುವ ಸೂಪರ್‌ವೈಸರನ ಕೆಳಗೆ
ಒಂಬತ್ತು ವರ್ಷ ನಿಂತ ಕಿವಿ ಅದು ಎಂದು
ಹೊಳೆದದ್ದು ಅವಳು ಕೆಲಸ ಬಿಟ್ಟ ಮೇಲೆ.

ಅದೇ ಮಳೆಗಾಲದ ಒಂದು ಭಾನುವಾರ
ತಳ್ಳುಗಾಡಿಯ ಮುಂದೆ ಡೆಲ್ಫಿನ್ ಮಿಸ್:
'ಏನಪ್ಪಾ, ಈ ಬಾಡಿದ ದಂಟಿಗೆ ಐದಾ?
ನಮ್ಮಪ್ಪನಾಣೆ ಮೂರರ ಮೇಲೆ ಕೊಡಲ್ಲ.'
ನನ್ನದಕ್ಕಿಂತ ಹದವಾದ ಕನ್ನಡ.
ಮುನೇಶ್ವರನ ಗುಡಿಯ ಹಿಂದೆ ಕುಕ್ಕರಿಸಿದೆ.
ಪರವಾಗಿಲ್ವಂತೆ, ಹೊಂದ್ಕೋತೀನಂತೆ, ಹಾಲಂತೆ—
ಎಲ್ಲ ಕೇಳಿಸಿಕೊಂಡಿದ್ದವರು
ಕೊಸರು ಕೊತ್ತಂಬರಿ ಇಸಿದುಕೊಂಡು ಹೊರಟುಹೋದರು.

ಭಾಗಾಕಾರ ಇವತ್ತಿಗೂ ತಡವರಿಸುತ್ತೇನೆ.
ಇಬ್ಬರ ನಡುವೆ ನಿಂತು
ಯಾರಿಗೆ ಎಷ್ಟು ದಾಟಿಸಬೇಕು ಅನ್ನುವ ಲೆಕ್ಕದಲ್ಲಿ
ಒಮ್ಮೆಯೂ ಇಲ್ಲ.

ಈಗ ಹೆಗ್ಗನಹಳ್ಳಿಯಲ್ಲಿ ನನ್ನದೇ ಒಂದು ಮೇಜು.
ಆಚೆ ಅಪಾರ್ಟ್‌ಮೆಂಟ್ ಕಾಯುವ ತಂದೆ,
ಮೊಣಕಾಲ ಮೇಲೆ ಟೋಪಿ, ರಾತ್ರಿ ಪಾಳಿಯ ಕಣ್ಣು.
ನಡುವೆ ಮಗ, ದೀಪೇನ್, ಐದನೇ ಕ್ಲಾಸು.
ನಿನ್ನೆ ಬೇಕೆಂದೇ ಗಾಜು ಒಡೆದ, ಅಂತ ಹೇಳಿದೆ.
ಹುಡುಗ ನೇಪಾಳಿಯಲ್ಲಿ
ಬೇಕಾದ್ದಕ್ಕಿಂತ ಬಹಳ ಹೊತ್ತು ಹೇಳಿದ.
ತಂದೆಯ ಮುಖ ಅರಳಿತು.
ಎದ್ದುನಿಂತು ನನಗೆ ಕೈಮುಗಿದ.

ನನಗೆ ನೇಪಾಳಿ ಬರುವುದಿಲ್ಲ.

ಹುಡುಗ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದಾನೆ.
ಪೆನ್ನಿನ ಮುಚ್ಚಳ ಹಾಕುತ್ತೇನೆ. ತೆಗೆಯುತ್ತೇನೆ.
ಕಿಟಕಿ ಕಡೆ ನೋಡೋಣವೆಂದರೆ
ಗಾಜಿನ ಜಾಗಕ್ಕೆ ರಟ್ಟು ಹೊಡೆದಿದೆ.